ಕಾರವಾರ: ಆಳವಾದ ಕೊಲ್ಲಿ, ಬಾರದ ರೈಲು – ಒಂದು ಬಂದರಿನ ಪ್ರಕರಣ ಅಧ್ಯಯನ

ಮುಂಬಯಿ ಏಕೆ ಬೆಳೆಯಿತು ಎಂದು ಕೇಳಿದರೆ ಅಲ್ಲಿನ ಸ್ವಾಭಾವಿಕ ಬಂದರನ್ನು ತೋರಿಸುವುದು ವಾಡಿಕೆ. ಹಾಗಾದರೆ ಅದೇ ಪಶ್ಚಿಮ ಕರಾವಳಿಯಲ್ಲಿ, ಮಳೆಗಾಲದಲ್ಲೂ ಹಡಗುಗಳು ನಿಲ್ಲಬಲ್ಲ ಕೊಲ್ಲಿಯನ್ನು ಪಡೆದಿದ್ದ ಕಾರವಾರ ಜಿಲ್ಲಾ ಕೇಂದ್ರದ ಮಟ್ಟಕ್ಕೇ ಏಕೆ ನಿಂತಿತು? ಇದು ಊರಿನ ಅಭಿಮಾನದಿಂದ ಹುಟ್ಟಿದ ಪ್ರಶ್ನೆ ಮಾತ್ರವಲ್ಲ. 1860ರ ದಶಕದಲ್ಲಿ ಸರ್ಕಾರವೇ ಕಾರವಾರವನ್ನು ದೊಡ್ಡ ಬಂದರಾಗಿಸುವ ಉದ್ದೇಶ ಇಟ್ಟುಕೊಂಡಿತ್ತು. ಅದಕ್ಕಾಗಿ ಒಂದು ಜಿಲ್ಲೆಯನ್ನೇ ಒಂದು ಪ್ರಾಂತ್ಯದಿಂದ ತೆಗೆದು ಇನ್ನೊಂದಕ್ಕೆ ಸೇರಿಸಿತ್ತು. ಆ ಉದ್ದೇಶ ಎಲ್ಲಿ ಸೋತಿತು, ಸೋತ ಮೇಲೂ ಊರಿನ ಕಡಲನ್ನು ಯಾರು ಯಾವುದಕ್ಕೆ ಬಳಸಿಕೊಂಡರು ಎಂಬುದನ್ನು ಈ ಅಧ್ಯಯನದಲ್ಲಿ ಪರಿಶೀಲಿಸಲಾಗಿದೆ. ಬಂದರು ನಗರದ ಭವಿಷ್ಯ ತೀರ್ಮಾನವಾಗುವುದು ಕಡಲಿನ ಕಡೆಯಿಂದಲ್ಲ, ಬೆನ್ನಿಗಿರುವ ಘಟ್ಟದ ಕಡೆಯಿಂದ ಎಂಬುದು ನನ್ನ ವಾದ.

ಕೊಲ್ಲಿಯ ಸ್ವರೂಪ

ಸದಾಶಿವಗಡದ ಗುಡ್ಡ ಹತ್ತಿ ದಕ್ಷಿಣಕ್ಕೆ ನೋಡಿದರೆ ಇಡೀ ವಿಷಯ ಕಣ್ಣೆದುರಿಗೇ ಇದೆ. ಕೆಳಗೆ ಕಾಳಿ ನದಿ ಸಮುದ್ರ ಸೇರುವ ಅಗಲವಾದ ಅಳಿವೆ. ಆಚೆ ದಡದಲ್ಲಿ ಕೋಡಿಬಾಗ. ಅಲ್ಲಿಂದ ಮುಂದಕ್ಕೆ ಬಿಲ್ಲಿನಂತೆ ಬಾಗಿ ಸಾಗುವ ಮರಳ ತೀರ. ಆ ತೀರದ ಕೊನೆಯಲ್ಲಿ ಸಮುದ್ರಕ್ಕೆ ಚಾಚಿದ ಗುಡ್ಡದ ಮರೆಯಲ್ಲಿ ಬೈತಖೋಲದ ಬಂದರು. ಎದುರಿಗೆ ಕುರುಮಗಡ ಮತ್ತು ದೀಪಸ್ತಂಭವಿರುವ ದೇವಗಡ ದ್ವೀಪಗಳು. ನೈಋತ್ಯ ಮಾರುತದ ಹೊಡೆತವನ್ನು ಆ ಗುಡ್ಡವೂ ದ್ವೀಪಗಳೂ ತಡೆಯುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಹಡಗು ಇಲ್ಲಿ ಆಸರೆ ಪಡೆಯಬಹುದು. ಹೊನ್ನಾವರ, ತದಡಿ ಮುಂತಾದ ನದೀಮುಖದ ಬಂದರುಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಅಳಿವೆಯ ಮರಳುದಿಬ್ಬ ಸರಿದಾಡುತ್ತಿರುತ್ತದೆ, ಮಳೆಗಾಲ ಬಂತೆಂದರೆ ಬಾಗಿಲು ಮುಚ್ಚಿದಂತೆಯೇ ಸರಿ.

ಈ ಅನುಕೂಲ ಹಿಂದಿನವರಿಗೆ ತಿಳಿಯದೆ ಇರಲಿಲ್ಲ. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿಯೇ ಕಾಳಿ ದಂಡೆಯ ಕಡವಾಡದ ಬಳಿ ಕೋಠಿ ತೆರೆದು ಮೆಣಸು ಮತ್ತು ಘಟ್ಟದ ಮೇಲಿನ ಬಟ್ಟೆಯನ್ನು ಕೊಳ್ಳುತ್ತಿದ್ದರು. ಸೋದೆಯ ಅರಸ ಬಸವಲಿಂಗ 1715ರ ಸುಮಾರಿಗೆ ತನ್ನ ತಂದೆಯ ಹೆಸರಿನಲ್ಲಿ ಸದಾಶಿವಗಡದ ಕೋಟೆ ಕಟ್ಟಿಸಿದ್ದು ಇದೇ ನದೀಮುಖವನ್ನು ಕಾಯುವುದಕ್ಕೆ.

ಮುಂಬಯಿಯ ಚರಿತ್ರೆಯ ಒಂದು ಎಳೆಯೂ ಈ ಕೊಲ್ಲಿಗೆ ಅಂಟಿಕೊಂಡಿದೆ ಎಂಬುದನ್ನು ಇಲ್ಲಿ ಹೇಳಬೇಕು. 1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗೀಸರು ಮುಂಬಯಿಯನ್ನು ಇಂಗ್ಲೆಂಡಿನ ದೊರೆಗೆ ಬಿಟ್ಟುಕೊಟ್ಟರೂ ಅಲ್ಲಿನ ಅಧಿಕಾರಿಗಳು ದ್ವೀಪವನ್ನು ಒಪ್ಪಿಸಲು ನಿರಾಕರಿಸಿದರು. ಆಗ ಅಬ್ರಹಾಂ ಶಿಪ್‌ಮನ್ ಎಂಬವನ ಕೈಕೆಳಗೆ ಬಂದಿದ್ದ ಇಂಗ್ಲಿಷ್ ಸೈನಿಕರು ಇಳಿದುಕೊಂಡದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಅಲ್ಲಿ ಎರಡು ಮಳೆಗಾಲ ಕಳೆಯುವುದರೊಳಗೆ ಅವರಲ್ಲಿ ಹೆಚ್ಚಿನವರು ರೋಗಕ್ಕೆ ತುತ್ತಾದರು. 1664ರಲ್ಲಿ ಶಿಪ್‌ಮನ್ ಕೂಡ ಅಲ್ಲಿಯೇ ಸತ್ತ. ಉಳಿದ ಸಣ್ಣ ಗುಂಪು 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್‌ನೊಂದಿಗೆ ಹೋಗಿ ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡಿತು. ಆ ವರ್ಷ ಕಾರವಾರದ ವ್ಯಾಪಾರಕ್ಕಿಂತ ಮುಂಬಯಿಯದು ದೊಡ್ಡದೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ.

ಹತ್ತಿಯ ಕಾಲ

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು; ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಆ ಆಡಳಿತದಲ್ಲಿ ಕಾರವಾರ ಒಂದು ಮೀನುಗಾರರ ಹಳ್ಳಿ. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿಯಾದರೋ ಸಿರಸಿಯ ಮೇಲಿನಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು, ಅಲ್ಲಿಂದ ಹಾಯಿಯ ಮಚವೆ, ಪತ್ತೆಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ವಿಲಾಯತಿ ಮಾರುಕಟ್ಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಎಂದೇ ಹೆಸರಾಗಿತ್ತು. ಆದರೆ ಕುಮಟಾದ್ದು ತೆರೆದ ಸಮುದ್ರ, ಮಳೆಗಾಲದಲ್ಲಿ ನಿರುಪಯೋಗಿ. ದಾರಿಯಲ್ಲಿ ಕೆಸರು ಧೂಳು ತಿಂದು, ದೋಣಿಯಲ್ಲಿ ನೆನೆದು, ಮುಂಬಯಿಯಲ್ಲಿ ಮತ್ತೊಮ್ಮೆ ಇಳಿಸಿ, ಒತ್ತಿ ಕಟ್ಟಿ, ಏರಿಸಿ ಕಳಿಸಬೇಕಾದ ಸರಕಿನಲ್ಲಿ ಬೆಳೆದವನಿಗೆ ಉಳಿಯುವುದು ಅಷ್ಟಕ್ಕಷ್ಟೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಧಾರವಾಡದಲ್ಲಿ ಅದಾಗಲೇ ಅಮೆರಿಕನ್ ತಳಿಯ ಹತ್ತಿ ನೆಲೆಯೂರಿತ್ತು. ಹುಬ್ಬಳ್ಳಿಯಿಂದ ನೇರವಾಗಿ ಸದಾಶಿವಗಡದ ಕೊಲ್ಲಿಗೆ ಸರಕು ಇಳಿದರೆ ಮುಂಬಯಿಯ ಸುತ್ತು ತಪ್ಪುತ್ತದೆ, ದೊಡ್ಡ ಹಡಗು ಇಲ್ಲಿಂದಲೇ ಲಿವರ್‌ಪೂಲಿಗೆ ಹೊರಡಬಹುದು ಎಂಬ ಲೆಕ್ಕ ಅವರದು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಬಂದರು ಮದ್ರಾಸ್ ಪ್ರಾಂತ್ಯದಲ್ಲಿ. ರಸ್ತೆಗೂ ಹಡಗು ನಿಲ್ಲುವ ಧಕ್ಕೆಗೂ ಮದ್ರಾಸಿನವರು ಹಣ ಕೊಡುವುದಿಲ್ಲ ಎಂಬ ದೂರು ಬಲವಾಯಿತು. 1862ರಲ್ಲಿ ಕುಂದಾಪುರ ತಾಲೂಕನ್ನು ಮದ್ರಾಸಿಗೇ ಬಿಟ್ಟು ಉಳಿದ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಜಿಲ್ಲಾ ಕೇಂದ್ರ ಕಾರವಾರಕ್ಕೆ ಬಂತು. ಕಚೇರಿಗಳು, ಬಂಗಲೆಗಳು, ಅಳತೆ ಹಾಕಿದ ರಸ್ತೆಗಳು ಎದ್ದವು, ದೇವಗಡದಲ್ಲಿ ದೀಪಸ್ತಂಭ ಬೆಳಗಿತು. ಇಂದಿನ ಕಾರವಾರ ಪೇಟೆ ಹುಟ್ಟಿದ್ದು ಆ ಕೆಲವೇ ವರ್ಷಗಳಲ್ಲಿ, ಒಂದು ಬಂದರು ಬರುತ್ತದೆ ಎಂಬ ಭರವಸೆಯ ಮೇಲೆ.

ಆದರೆ ಘಟ್ಟದ ರಸ್ತೆ ಸಿದ್ಧವಾಗುವುದಕ್ಕೆ ಮೊದಲೇ ಕಾಲ ಮೀರಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿತು. ಅದರ ಪೆಟ್ಟು ಮುಂಬಯಿಗೂ ತಗುಲಿತು. ಶೇರು ವ್ಯವಹಾರಗಳು ಕುಸಿದವು, ಬ್ಯಾಂಕುಗಳು ಮುಳುಗಿದವು, 1864ರಲ್ಲಿ 8,16,562 ಇದ್ದ ನಗರದ ಜನಸಂಖ್ಯೆ 1872ರ ಎಣಿಕೆಯಲ್ಲಿ 6,44,405ಕ್ಕೆ ಇಳಿಯಿತು. ಮುಂಬಯಿ ಮಾತ್ರ ಮತ್ತೆ ಎದ್ದು ನಿಂತಿತು. ಕಾರಣ, 1863ರಲ್ಲಿಯೇ ಮುಂಬಯಿ–ಪುಣೆ ನಡುವಿನ ಬೋರ್ ಘಾಟಿನ ಮೇಲೆ ರೈಲು ಹತ್ತಿತ್ತು; ದಖನ್ನಿನ ಸರಕು ಬೆಲೆ ಏರಲಿ ಇಳಿಯಲಿ ಅಲ್ಲಿಗೇ ಹರಿದು ಬರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಅದರ ಲಾಭ ಪಡೆಯಲು ಸಿದ್ಧವಾಗಿದ್ದ ಬಂದರು ಅದು. ಕಾರವಾರದಲ್ಲಿ ಆ ಹೊತ್ತಿಗೆ ಇದ್ದದ್ದು ಕೊಲ್ಲಿ, ಕಚೇರಿ ಮತ್ತು ಎತ್ತಿನ ಗಾಡಿ.

ರೈಲು ಗೋವೆಗೆ ಹೋದದ್ದು

ಈ ಪ್ರಕರಣದ ನಡುಗಂಬ ಇರುವುದು ಇಲ್ಲಿಯೇ. 1860ರ ದಶಕದ ಕೊನೆಯಿಂದ ಕಾರವಾರ–ಹುಬ್ಬಳ್ಳಿ ರೈಲಿನ ಪ್ರಸ್ತಾಪ ಸರ್ಕಾರದ ಮುಂದಿತ್ತು. ರೈಲು ಬರುತ್ತದೆಂಬ ನಿರೀಕ್ಷೆಯಲ್ಲಿಯೇ ಪೇಟೆ ಬೆಳೆಯುತ್ತಿತ್ತು. 1870ರ ದಶಕದಲ್ಲಿ ಆ ಪ್ರಸ್ತಾಪವನ್ನು ಕೈಬಿಡಲಾಯಿತು. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಂದು ಒಪ್ಪಂದವಾಯಿತು. ಅದರ ಬೆನ್ನಿಗೆ ಬ್ರಿಟಿಷ್ ಬಂಡವಾಳದ ಕಂಪನಿಯೊಂದು ಗೋವೆಯ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿಸಿ ಗಡಿಯ ಕ್ಯಾಸಲ್‌ರಾಕ್ ತನಕ ಹಳಿ ಹಾಕಿತು. 1888ರ ಹೊತ್ತಿಗೆ ಆ ದಾರಿ ಬ್ರಿಟಿಷ್ ಸೀಮೆಯ ಸದರ್ನ್ ಮರಾಠಾ ರೈಲ್ವೆಯನ್ನು ಕೂಡಿಕೊಂಡಿತು. ಕಾರವಾರಕ್ಕೆಂದು ಲೆಕ್ಕ ಹಾಕಿದ್ದ ಹುಬ್ಬಳ್ಳಿ ಸೀಮೆಯ ಸರಕು ಗಡಿಯಾಚೆಯ ಪೋರ್ಚುಗೀಸ್ ಬಂದರಿಗೆ ಇಳಿಯತೊಡಗಿತು. ಕಾರವಾರಕ್ಕೆ ಗಾಡಿಗಳಲ್ಲಿ ಬರುತ್ತಿದ್ದ ವ್ಯಾಪಾರವೂ ಕುಗ್ಗಿತು.

ಈ ನಿರ್ಧಾರದ ಹಿಂದೆ ಕೊಲ್ಲಿಯ ದೋಷವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಎರಡು ಬಂದರುಗಳ ನಡುವೆ ಕಡಲ ದಾರಿಯಲ್ಲಿ ದೂರ ಹೆಚ್ಚಿಲ್ಲ. ಎರಡಕ್ಕೂ ಬೆನ್ನಿಗೆ ಅದೇ ಸಹ್ಯಾದ್ರಿ. ಎರಡು ಸಾಮ್ರಾಜ್ಯಗಳ ನಡುವಿನ ಸುಂಕದ ಮಾತುಕತೆಯಲ್ಲಿ ಕಾರವಾರದ ಪರವಾಗಿ ಕುಳಿತವರು ಯಾರೂ ಇರಲಿಲ್ಲ. ಮುಂಬಯಿಯ ವರ್ತಕರಿಗೂ ತಮ್ಮದೇ ಪ್ರಾಂತ್ಯದಲ್ಲಿ ಇನ್ನೊಂದು ರಫ್ತು ಬಂದರು ಏಳುವುದರಿಂದ ಆಗಬೇಕಾದ ಲಾಭ ಕಾಣುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಹೀಗೆ ಕಾರವಾರ ನ್ಯಾಯಾಲಯ, ಖಜಾನೆ, ಕಲೆಕ್ಟರ್ ಕಚೇರಿಗಳ ಊರಾಗಿ ಉಳಿಯಿತು. ಐಸಿಎಸ್ ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮ ರವೀಂದ್ರನಾಥರು ಬಂದು ತಂಗಿದ್ದರು. ಊರಿನ ಕಡಲತೀರಕ್ಕೆ ಅವರ ಹೆಸರಿದೆ. ಓದಿದವರು ಮುಂಬಯಿಗೆ ಹೋದರು, ಓದದವರೂ ಮುಂಬಯಿಗೇ ಹೋದರು. ಮಳೆಗಾಲ ಮುಗಿದರೆ ಆಗಬೋಟು, ಅಂದರೆ ಉಗಿಹಡಗು; ಅದರಲ್ಲಿ ಜನ, ಒಣಮೀನು, ತೆಂಗಿನಕಾಯಿ, ಊರಿಗೆ ಬರುವ ಮನಿಯಾರ್ಡರಿನ ಸುದ್ದಿ. ಮುಂಬಯಿಯ ಬೆಳವಣಿಗೆಯಲ್ಲಿ ಕಾರವಾರದ ಪಾಲು ಇಂಥದು: ಕೈಕೆಲಸದವರು, ಗುಮಾಸ್ತರು, ಹಡಗಿನ ಕೆಲಸದವರು.

1956ರ ನಂತರ

ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ ಹೊಸ ರಾಜ್ಯಕ್ಕೆ ಒಂದು ಪ್ರಮುಖ ಬಂದರು ಬೇಕಾಗಿತ್ತು. ಅದು ಬಂದದ್ದು ಮಂಗಳೂರಿನ ಪಣಂಬೂರಿನಲ್ಲಿ. ನವಮಂಗಳೂರು ಬಂದರು 1974ರಲ್ಲಿ ದೇಶದ 9ನೇ ಪ್ರಮುಖ ಬಂದರೆಂದು ಘೋಷಣೆಯಾಗಿ 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದು ನೆಲ ಅಗೆದು, ಹೂಳೆತ್ತಿ ಮಾಡಿದ ಕೃತಕ ಬಂದರು. ಪ್ರಕೃತಿ ಕೊಟ್ಟ ಕೊಲ್ಲಿಯನ್ನು ಬಿಟ್ಟು ಅಗೆದ ಬಂದರನ್ನು ಆರಿಸಿದ್ದು ತಪ್ಪೆಂದು ಕಾರವಾರದವರು ಹೇಳುವುದುಂಟು. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಂಗಳೂರಿಗೆ ಮದ್ರಾಸಿನ ಕಡೆಯಿಂದ 1907ರಲ್ಲಿಯೇ ರೈಲು ಬಂದಿತ್ತು. 1865ರಿಂದ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ, 1906ರಿಂದ ಕೆನರಾ ಬ್ಯಾಂಕು, ಕಾಲೇಜುಗಳು, ಕಾಫಿ ಮತ್ತು ಗೋಡಂಬಿಯ ವ್ಯಾಪಾರ ಅಲ್ಲಿದ್ದವು. 1888ರಲ್ಲಿ ತಪ್ಪಿದ ರೈಲಿನ ಸಾಲವನ್ನು ಕಾರವಾರ 1960ರ ದಶಕದಲ್ಲಿ ತೀರಿಸುತ್ತಿತ್ತು. ಹಳಿ ಇದ್ದಲ್ಲಿ ವ್ಯಾಪಾರ, ವ್ಯಾಪಾರವಿದ್ದಲ್ಲಿ ಬಂದರು. ಕಾರವಾರದಲ್ಲಿ ಎರಡೂ ಇರಲಿಲ್ಲ.

ಆ ದಶಕಗಳಲ್ಲಿ ಕಾರವಾರಕ್ಕೆ ಬಂದವುಗಳನ್ನು ಬೇಗ ಹೇಳಿ ಮುಗಿಸಬಹುದು: ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ, ಕಾಳಿಗೆ ಕದ್ರಾದಲ್ಲಿ ಅಣೆಕಟ್ಟು, ಒಳಗೆ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳು. ವಿದ್ಯುತ್ತು ತಂತಿಯಲ್ಲಿ ಘಟ್ಟ ಹತ್ತಿತು, ಸರಕು ಸಾಗುವ ದಾರಿ ಮಾತ್ರ ಹತ್ತಲಿಲ್ಲ. 1983ರಲ್ಲಿ ಕಾಳಿಗೆ ಸೇತುವೆಯಾಗಿ ಕೋಡಿಬಾಗ–ಸದಾಶಿವಗಡದ ನಡುವೆ ತಾರಿ ದಾಟುವ ಕಷ್ಟ ತಪ್ಪಿದ್ದು ನಿಜಕ್ಕೂ ಊರಿಗೆ ಸಿಕ್ಕ ದೊಡ್ಡ ಅನುಕೂಲ.

ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿ ತೆರೆಯಿತು. ಅದು ಕರಾವಳಿಯ ಉದ್ದಕ್ಕೆ ಹೋಗುವ ರೈಲು. ನಿಲ್ದಾಣ ಪೇಟೆಯಿಂದ ದೂರದ ಶಿರವಾಡದಲ್ಲಿ, ಬಂದರಿನ ಧಕ್ಕೆಗೆ ಅದರಿಂದ ಹಳಿಯಿಲ್ಲ. ಮುಂಬಯಿಗೂ ಮಂಗಳೂರಿಗೂ ಹೋಗುವುದು ಸುಲಭವಾಯಿತು. ಆದರೆ ಕಾರವಾರದಿಂದ ಹುಬ್ಬಳ್ಳಿಗೆ ರೈಲಿನಲ್ಲೇ ಹೋಗಬೇಕೆಂದರೆ ಇಂದಿಗೂ ಉತ್ತರಕ್ಕೆ ಮಡಗಾಂವಿಗೆ ಹೋಗಿ, ಅಲ್ಲಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತಬೇಕು. ಅದು ಪೋರ್ಚುಗೀಸರ ಕಾಲದಲ್ಲಿ ಕಾರವಾರದ ಕೈತಪ್ಪಿಸಿದ ಅದೇ ದಾರಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಗಿದೆ. ಯಲ್ಲಾಪುರದ ದಟ್ಟ ಕಾಡಿನ ಪ್ರಶ್ನೆಯಲ್ಲಿ, ಸಮಿತಿಗಳಲ್ಲಿ, ನ್ಯಾಯಾಲಯಗಳಲ್ಲಿ ಸಿಕ್ಕಿಕೊಂಡಿದೆ. 1870ರಲ್ಲಿ ಆ ಕಾಡಿಗೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಇಂದು ಕಟ್ಟುವುದು ಸರಿಯೇ. ಅಂದು ಎರಡು ಸಾಮ್ರಾಜ್ಯಗಳು ತಪ್ಪಿಸಿದ ಅವಕಾಶದ ಬೆಲೆಯನ್ನು ಇಂದು ಕಾಡಿನಿಂದ ವಸೂಲು ಮಾಡಬೇಕೇ ಎಂಬ ಪ್ರಶ್ನೆಗೆ ಕಾರವಾರದವನಾಗಿ ನನಗೂ ಸುಲಭದ ಉತ್ತರ ಹೊಳೆಯುವುದಿಲ್ಲ.

ಸೀಬರ್ಡ್

ಕೊಲ್ಲಿಯ ಬೆಲೆಯನ್ನು ಕೊನೆಗೂ ಪೂರ್ತಿಯಾಗಿ ಕಂಡುಕೊಂಡದ್ದು ನೌಕಾಪಡೆ. ಇದರಲ್ಲಿಯೂ ಮುಂಬಯಿಯೇ ಕಾರಣ. ವ್ಯಾಪಾರಿ ಹಡಗು, ಮೀನುಗಾರಿಕೆ ದೋಣಿ, ಪ್ರಯಾಣಿಕರ ಲಾಂಚುಗಳಿಂದ ಕಿಕ್ಕಿರಿದ ಮುಂಬಯಿ ಬಂದರಿನಲ್ಲಿ ಪಶ್ಚಿಮ ನೌಕಾದಳಕ್ಕೆ ಜಾಗ ಸಾಲದಾಯಿತು. ದಡಕ್ಕೆ ಹತ್ತಿರದಲ್ಲೇ ಆಳದ ನೀರು, ಬೆನ್ನಿಗೆ ಗುಡ್ಡ, ಎದುರಿಗೆ ಅಂಜದೀವ: ಬೇಕಾದದ್ದೆಲ್ಲ ಕಾರವಾರದ ದಕ್ಷಿಣಕ್ಕಿತ್ತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ‘ಸೀಬರ್ಡ್’ ಎಂಬ ಈ ನೌಕಾನೆಲೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ನಿಂತು, ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಹಡಗನ್ನು ನೀರಿನಿಂದ ಎತ್ತಿ ದಡಕ್ಕೆ ತರುವ 10,000 ಟನ್ ಸಾಮರ್ಥ್ಯದ ಶಿಪ್ ಲಿಫ್ಟ್ ಇಲ್ಲಿದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ಬಂದು ತಂಗಿದ್ದೂ ಇಲ್ಲಿಯೇ.

ಇದಕ್ಕಾಗಿ ಹೋದ ನೆಲ 11 ಸಾವಿರ ಎಕರೆಗೂ ಹೆಚ್ಚು, ಕರಾವಳಿಯ ಉದ್ದ ಸುಮಾರು 26 ಕಿಲೋಮೀಟರ್. ಬಿಣಗಾ, ಅರಗಾದಿಂದ ಅಂಕೋಲಾ ತಾಲೂಕಿನ ಊರುಗಳ ತನಕ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೆಂಗಿನ ಹಿತ್ತಿಲು ಬಿಟ್ಟು ಎದ್ದವು. ಪರಿಹಾರದ ಮೊತ್ತಕ್ಕಾಗಿ ನಡೆದ ವ್ಯಾಜ್ಯಗಳು ಒಂದು ತಲೆಮಾರನ್ನು ದಾಟಿದವು. ತೋಡೂರು, ಅಮದಳ್ಳಿ, ಮುದಗಾದ ಪುನರ್ವಸತಿ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡ ರೈತನಿಗೆ ಹಣವಾದರೂ ಬಂತೆನ್ನಬಹುದು, ಆದರೆ ಮೀನುಗಾರ ಕಳೆದುಕೊಂಡದ್ದಕ್ಕೆ ಪಹಣಿ ಪತ್ರವೇ ಇಲ್ಲ. ಕಡಲ ದಡ ಅವನ ಹೆಸರಿನಲ್ಲಿ ಎಂದೂ ಇರಲಿಲ್ಲವಲ್ಲ. ದೇಶಕ್ಕೆ ನೌಕಾನೆಲೆ ಬೇಕೆಂಬುದನ್ನು ಇಲ್ಲಿ ಯಾರೂ ಅಲ್ಲಗಳೆದಿಲ್ಲ. 1961ರ ಡಿಸೆಂಬರಿನಲ್ಲಿ ಅಂಜದೀವವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವಾಗ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟದ್ದನ್ನು ಈ ಭಾಗದ ಹಿರಿಯರು ಮರೆತಿಲ್ಲ. ಆದರೆ ಆಳದ ನೀರಿದ್ದ ತೀರದ ಬಹುಪಾಲು ಬೇಲಿಯೊಳಗೆ ಹೋದ ಮೇಲೆ ನಗರಕ್ಕೆ ಉಳಿದದ್ದು ಕೋಡಿಬಾಗದಿಂದ ಬೈತಖೋಲದ ತನಕದ ಒಂದೇ ಬಿಲ್ಲು.

ಅದಿರು ಮತ್ತು ಉಳಿದ ತೀರ

2000ದ ದಶಕದಲ್ಲಿ ಕೆಲವು ವರ್ಷ ವಾಣಿಜ್ಯ ಬಂದರಿಗೂ ಜೀವ ಬಂದಂತಿತ್ತು. ಚೀನಾದ ಬೇಡಿಕೆಗೆ ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು ಅರಬೈಲ್ ಘಟ್ಟ ಇಳಿದು ಕಾರವಾರಕ್ಕೂ ಬೇಲೆಕೇರಿಗೂ ಬರತೊಡಗಿತು. ರೈಲಿಲ್ಲದ ಕಾರಣ ಎಲ್ಲವೂ ಲಾರಿಯಲ್ಲಿ. ಹೆದ್ದಾರಿಯ ಇಕ್ಕೆಲದ ಮರಗಳ ಎಲೆ ಕೆಂಪಾದವು, ಘಟ್ಟದ ರಸ್ತೆ ಗುಂಡಿಬಿದ್ದಿತು. ಬೇಲೆಕೇರಿಯಲ್ಲಿ ಜಪ್ತಿಯಾದ ಅದಿರೇ ಕಾಣೆಯಾದ ಹಗರಣ ಹೊರಬಿದ್ದು, 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಷೇಧಿಸಿತು. ವ್ಯಾಪಾರ ಒಂದೇ ಏಟಿಗೆ ನಿಂತಿತು. ಗಣಿಯಿಂದ ಹಡಗಿಗೆ ಹೋಗುವ ಸರಕಿಗೆ ಊರು ಬರಿಯ ಹಾದಿಯಾಗಿತ್ತು. ಅದಿರಿನಿಂದ ಕೈಗಾರಿಕೆ ಒಂದೂ ಇಲ್ಲಿ ಬೇರೂರಿರಲಿಲ್ಲ.

ಇದರ ನಂತರ ಕೇಂದ್ರ ಸರ್ಕಾರದ ಬಂದರು ಅಭಿವೃದ್ಧಿಯ ಸಾಗರಮಾಲಾ ಯೋಜನೆಯಡಿ ಬಂದರಿನ ಎರಡನೇ ಹಂತದ ವಿಸ್ತರಣೆಗೆ ಟಾಗೋರ್ ಕಡಲತೀರದಲ್ಲಿ ಅಲೆತಡೆ ಗೋಡೆ ಕಟ್ಟುವ ಕೆಲಸ 2020ರ ಜನವರಿಯಲ್ಲಿ ಆರಂಭವಾಯಿತು. ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯಿತು, ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಹೊರಗಿನವರಿಗೆ ಇದು ಅಭಿವೃದ್ಧಿಯ ವಿರೋಧದಂತೆ ತೋರಿತು. ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಹಾಗೆ ತೋರಲಾರದು. ದೋಣಿ ದಡದಿಂದ ಹೊರಟು ಬಲೆ ಬಿಡುತ್ತಾ ಅರ್ಧವೃತ್ತ ಹಾಕಿ ಇನ್ನೊಂದು ಕಡೆ ದಡಕ್ಕೆ ಬರುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಮಂದಿ ಸಾಲಾಗಿ ನಿಂತು, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಗಂಟೆಗಟ್ಟಲೆ ಎಳೆಯುತ್ತಾರೆ. ಸಿಕ್ಕ ಮೀನು ಪಾಲಾಗುತ್ತದೆ. ಬಲೆಯವನಿಗೆ ಇಷ್ಟು, ದೋಣಿಗೆ ಇಷ್ಟು, ಕೈಯಿಟ್ಟವರಿಗೆಲ್ಲ ಇಷ್ಟು. ಈ ಕೆಲಸಕ್ಕೆ ಕಲ್ಲಿಲ್ಲದ ಉದ್ದನೆಯ ಮರಳ ದಡ ಬೇಕೇ ಬೇಕು. ಅದರ ನಡುವೆ ಕಲ್ಲಿನ ಗೋಡೆ ಬಂದರೆ ಬಲೆ ಬೀಸಲು ಜಾಗವಿಲ್ಲ. ಬಿಣಗಾ, ಅರಗಾ ಬಿಟ್ಟು ಬಂದವರಿಗೆ ಹಿಂದೆ ಸರಿಯಲು ಇನ್ನೊಂದು ತೀರವೂ ಇಲ್ಲ.

ದಾರಿಯ ವಿಷಯದಲ್ಲಿ ಊರು ಎಷ್ಟು ದುರ್ಬಲವೆಂಬುದು 2024ರ ಮಳೆಗಾಲದಲ್ಲಿ ಮತ್ತೊಮ್ಮೆ ಕಂಡಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆಯೇ ಜೀವಗಳು ಹೋದವು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ನದಿಗೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಕತ್ತಲಲ್ಲಿ ದೋಣಿ ಹಾಕಿ ಉಳಿಸಿದವರಲ್ಲಿ ಮೀನುಗಾರರೂ ಇದ್ದರು. ಪಕ್ಕದಲ್ಲಿ ಹೊಸ ಸೇತುವೆ ಇಲ್ಲದೆ ಹೋಗಿದ್ದರೆ ಗೋವೆಯ ಕಡೆಗೆ ರಸ್ತೆಯೇ ಕಡಿದುಹೋಗುತ್ತಿತ್ತು. ಕೆಲಸಕ್ಕೆಂದು ದಿನಾ ಗೋವೆಗೆ ಹೋಗಿ ಬರುವ ಯುವಕರಿಗೂ, ತುರ್ತು ಚಿಕಿತ್ಸೆಗೆ ಗೋವೆಯ ಬಾಂಬೋಲಿ ಆಸ್ಪತ್ರೆಗೆ ಓಡುವ ರೋಗಿಗಳಿಗೂ ಆ ಸೇತುವೆಯೇ ಆಧಾರ.

ಈಗ ಚರ್ಚೆ ಕಾರವಾರದಿಂದ ದಕ್ಷಿಣಕ್ಕೆ ಸರಿದಿದೆ. ಅಂಕೋಲಾದ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಹೊಸ ಬಂದರಿನ ಯೋಜನೆ 2023ರಲ್ಲಿ ಖಾಸಗಿ ಸಂಸ್ಥೆಯ ಪಾಲಾಗಿದೆ. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಅಲ್ಲಿನ ಮೀನುಗಾರರೂ ಬೀದಿಗಿಳಿದಿದ್ದಾರೆ. ಬಳ್ಳಾರಿ ಸೀಮೆಯ ಸರಕನ್ನು ಅಷ್ಟು ಪ್ರಮಾಣದಲ್ಲಿ ಕಡಲಿಗೆ ತಲುಪಿಸಬೇಕೆಂದರೆ ಅರಬೈಲ್ ಘಟ್ಟದ ಲಾರಿಗಳು ಸಾಲುವುದಿಲ್ಲ, ಹುಬ್ಬಳ್ಳಿ–ಅಂಕೋಲಾ ಹಳಿಯೇ ಬೇಕಾಗುತ್ತದೆ. ಆದ್ದರಿಂದ ಬಂದರಿನ ಅಹವಾಲು ಸಭೆಯಲ್ಲಿ ಧಕ್ಕೆಯ ಉದ್ದ, ಹೂಳಿನ ಆಳಗಳ ಜೊತೆಗೆ ಮೂರು ವಿಷಯಗಳನ್ನು ಮೊದಲೇ ಕಾಗದದ ಮೇಲೆ ಪಡೆಯಬೇಕೆಂದು ಕೇಣಿ, ಬೇಲೆಕೇರಿ, ಹಾರವಾಡದವರಿಗೆ ಹೇಳಬೇಕಾಗಿದೆ: ಸರಕು ಘಟ್ಟ ಇಳಿಯುವುದು ಯಾವ ದಾರಿಯಲ್ಲಿ, ಆ ದಾರಿಗೆ ಎಷ್ಟು ಕಾಡು ಹೋಗುತ್ತದೆ, ಮತ್ತು ಬಲೆ ಎಳೆಯಲು ಯಾವ ತೀರ ಯಾರ ಹೆಸರಿನಲ್ಲಿ ಉಳಿಯುತ್ತದೆ.